ಮೊಳಕೆಯ ಪೆಟ್ಟಿಗೆ: ರಾಗಿಯ ಕಾವಿನಿಂದ ನಾಚಾರಂ ಕಾರ್ಖಾನೆಯವರೆಗೆ

೧

ಹೈದರಾಬಾದು ನಗರದ ಪೂರ್ವಭಾಗದಲ್ಲಿ, ಉಪ್ಪಲ್‌ಗೆ ಸಮೀಪವಾಗಿ, ನಾಚಾರಂ ಎಂಬ ಕೈಗಾರಿಕಾ ಪ್ರದೇಶವಿದೆ. ಅಲ್ಲಿನ ಕಾರ್ಖಾನೆಗಳ ನಡುವೆ ಸರ್ಕಾರದ ಒಂದು ಆಹಾರ ಕಾರ್ಖಾನೆಯೂ ಉಂಟು. ಮೊದಲು ಆಂಧ್ರಪ್ರದೇಶ ಫುಡ್ಸ್ ಎಂದೂ ೨೦೧೪ರಲ್ಲಿ ರಾಜ್ಯ ವಿಭಜನೆಯಾದ ಮೇಲೆ ತೆಲಂಗಾಣ ಫುಡ್ಸ್ ಎಂದೂ ಹೆಸರಾದ ಈ ಸಂಸ್ಥೆ ಅಂಗನವಾಡಿಗಳ ಮಕ್ಕಳಿಗೆ ‘ಬಾಲಾಮೃತಂ’ ಎಂಬ ಹಿಟ್ಟನ್ನು ತಯಾರಿಸುತ್ತದೆ. ಹುರಿದ ಗೋಧಿ, ಕಡಲೆಬೇಳೆ, ಹಾಲಿನ ಪುಡಿ, ಸಕ್ಕರೆ, ಎಣ್ಣೆ ಇವು ಅದರ ಮುಖ್ಯ ಪದಾರ್ಥಗಳು. ಅಲ್ಲಿಂದ ಕೆಲವೇ ಮೈಲಿಗಳ ಅಂತರದಲ್ಲಿ, ತಾರ್ನಾಕಾದಲ್ಲಿ, ರಾಷ್ಟ್ರೀಯ ಪೋಷಣ ಸಂಸ್ಥೆ ಇದೆ. ಹೀಗೆ ಶಿಶುವಿನ ಆಹಾರವನ್ನು ಕುರಿತ ವಿಚಾರವೂ ಅದರ ತಯಾರಿಕೆಯೂ ಒಂದೇ ನಗರದ ಒಂದೇ ದಿಕ್ಕಿನಲ್ಲಿ ನೆಲೆಗೊಂಡಿವೆ.

ಈ ಹಿಟ್ಟು ಹುರಿದ ಧಾನ್ಯದಿಂದಾದುದು ಎಂಬ ಅಂಶವನ್ನು ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. ಏಕೆಂದರೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಹಾಲು ಬಿಡಿಸುವ ವಯಸ್ಸಿನ ಕೂಸಿಗೆ ಕೊಡುತ್ತ ಬಂದಿರುವ ರಾಗಿ ಸರಿಯಲ್ಲಿ ಮೊಳಕೆ ಬರಿಸಿದ ಕಾಳಿನ ಹಿಟ್ಟಿಗೆ ಪ್ರಮುಖ ಸ್ಥಾನವಿದೆ. ಹುರಿಯುವುದು, ಮೊಳೆಯಿಸುವುದು ಇವೆರಡೂ ಧಾನ್ಯವನ್ನು ಜೀರ್ಣಸುಲಭವಾಗಿಸುವ ಪ್ರಾಚೀನ ವಿಧಾನಗಳು. ಇವುಗಳಲ್ಲಿ ಮೊದಲನೆಯದು ಕಾರ್ಖಾನೆಯನ್ನು ಪ್ರವೇಶಿಸಿತು. ಎರಡನೆಯದು ಬಹುಮಟ್ಟಿಗೆ ಮನೆಯಲ್ಲಿಯೇ ಉಳಿಯಿತು. ಇದರ ಕಾರಣವನ್ನು ಅರಸುತ್ತ ಹೊರಟರೆ, ಇಂದು ಅಲ್ಲಲ್ಲಿ ಬಳಕೆಗೆ ಬಂದಿರುವ ಒಂದು ಸಾಮಾನ್ಯ ಉಪಕರಣದ ಚರಿತ್ರೆಗೆ ಬಂದು ನಿಲ್ಲಬೇಕಾಗುತ್ತದೆ. ತಟ್ಟೆಯ ಮೇಲೆ ತಟ್ಟೆಯನ್ನು ಕೂಡಿಸಿ, ಹದವಾದ ಕಾವು ಕೊಟ್ಟು ಕಾಳನ್ನು ಮೊಳೆಯಿಸುವ ಪೆಟ್ಟಿಗೆಯೇ ಆ ಉಪಕರಣ.

೨

ಧಾನ್ಯವನ್ನು ಮೊಳೆಯಿಸುವ ಕಲೆ ನಮ್ಮ ದೇಶದಲ್ಲಿ ಅತಿ ಪ್ರಾಚೀನವಾದುದು. ಯಜುರ್ವೇದದ ಸೌತ್ರಾಮಣಿ ಯಾಗದಲ್ಲಿ ಸುರೆಯ ತಯಾರಿಕೆಗೆ ಶಷ್ಪ, ತೋಕ್ಮ, ಲಾಜ ಎಂಬ ಮೂರು ದ್ರವ್ಯಗಳನ್ನು ಹೇಳಿದೆ. ಶಷ್ಪವೆಂದರೆ ಮೊಳೆತ ಭತ್ತ, ತೋಕ್ಮವೆಂದರೆ ಮೊಳೆತ ಯವ, ಲಾಜವೆಂದರೆ ಹುರಿದ ಅರಳು ಎಂದು ಭಾಷ್ಯಕಾರರು ವಿವರಿಸುತ್ತಾರೆ. ಮೊಳೆತುದೂ ಹುರಿದುದೂ ಇಲ್ಲಿ ಒಂದೇ ಪಾತ್ರೆಯಲ್ಲಿ ಸೇರುತ್ತವೆಂಬುದು ಮುಂದಿನ ವಿಚಾರಕ್ಕೆ ಉಪಯುಕ್ತವಾದ ಸಂಗತಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯನ್ನು ಹುದುಗಿಸುವ ದ್ರವ್ಯಕ್ಕೆ ‘ಕಿಣ್ವ’ ಎಂಬ ಹೆಸರಿದೆ. ಆಧುನಿಕ ರಸಾಯನಶಾಸ್ತ್ರದ ‘ಎನ್‌ಜೈಮ್’ ಎಂಬುದಕ್ಕೆ ಕನ್ನಡವು ಈ ಹಳೆಯ ಶಬ್ದವನ್ನೇ ಆರಿಸಿಕೊಂಡಿರುವುದು ಔಚಿತ್ಯಪೂರ್ಣವಾಗಿದೆ.

ಮೊಳಕೆಗೆ ಮಂಗಳಾರ್ಥವೂ ಉಂಟು. ವಿವಾಹಾದಿ ಶುಭಕಾರ್ಯಗಳಲ್ಲಿಯೂ ದೇವಾಲಯಗಳ ಉತ್ಸವಗಳಲ್ಲಿಯೂ ಪಾಲಿಕೆಗಳಲ್ಲಿ ಮಣ್ಣು ತುಂಬಿ ನವಧಾನ್ಯ ಬಿತ್ತುವ ಅಂಕುರಾರ್ಪಣೆ ಕನ್ನಡ ನಾಡಿಗೂ ತೆಲುಗು ನಾಡಿಗೂ ಸಮಾನವಾದ ಆಚಾರ. ಉತ್ತರ ಕರ್ನಾಟಕದಲ್ಲಿ ನವರಾತ್ರಿಯ ಘಟಸ್ಥಾಪನೆಯ ದಿನ ಬಿತ್ತಿದ ಕಾಳು ಒಂಬತ್ತು ದಿನಗಳಲ್ಲಿ ಎಷ್ಟು ಎತ್ತರ ಬೆಳೆಯಿತೆಂಬುದನ್ನು ಹಿರಿಯರು ನೋಡುತ್ತಾರೆ. ಬೀಜದ ಜೀವಶಕ್ತಿಯನ್ನು ಬಿತ್ತನೆಗೆ ಮೊದಲೇ ಪರೀಕ್ಷಿಸಿ ನೋಡುವ ಬುದ್ಧಿಯೂ ಈ ಆಚಾರದಲ್ಲಿ ಅಡಗಿದೆ ಎಂದು ಊಹಿಸಬಹುದು.

ರಾಗಿಯ ಮೂಲನೆಲೆ ಪೂರ್ವ ಆಫ್ರಿಕದ ಎತ್ತರದ ಪ್ರದೇಶವೆಂದು ಸಸ್ಯವಿಜ್ಞಾನಿಗಳು ನಿರ್ಧರಿಸಿದ್ದಾರೆ. ಅದು ಕರ್ನಾಟಕಕ್ಕೆ ಬಂದ ಕಾಲದ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ೧೯೬೫ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಈಗಿನ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ನಡೆಸಿದ ಉತ್ಖನನದಲ್ಲಿ ದೊರೆತ ಕರಿಕಾದ ಕಾಳುಗಳನ್ನು ರಾಗಿಯೆಂದು ಗುರುತಿಸಲಾಯಿತು. ಅನಂತರದ ಸಸ್ಯಪುರಾತತ್ತ್ವಜ್ಞರಲ್ಲಿ ಕೆಲವರು ಆ ಗುರುತನ್ನು ಪ್ರಶ್ನಿಸಿದ್ದಾರೆ. ಆದರೆ ಕನಕದಾಸರ ಕಾಲಕ್ಕೆ ರಾಗಿ ಈ ನಾಡಿನ ಜನಸಾಮಾನ್ಯರ ಅನ್ನವಾಗಿತ್ತೆಂಬುದರಲ್ಲಿ ವಿವಾದಕ್ಕೆ ಅವಕಾಶವಿಲ್ಲ. ‘ರಾಮಧಾನ್ಯಚರಿತೆ’ಯಲ್ಲಿ ಭತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿರಿಸಿದಾಗ ಭತ್ತ ಕಳೆಗುಂದಿ ರಾಗಿ ಗಟ್ಟಿಯಾಗಿ ಉಳಿಯುವುದು ಕವಿಕಲ್ಪನೆಯಷ್ಟೇ ಅಲ್ಲ. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ರಾಗಿಯ ಗುಣವನ್ನು ಒಕ್ಕಲು ಮಕ್ಕಳು ಬಲ್ಲರು. ಕವಿ ಅದನ್ನು ನ್ಯಾಯತೀರ್ಮಾನದ ಆಧಾರವಾಗಿ ಮಾಡಿಕೊಂಡಿದ್ದಾನೆ.

ಮನೆಯಲ್ಲಿ ರಾಗಿಯನ್ನು ಮೊಳಕೆ ಕಟ್ಟುವ ಕ್ರಮ ನೋಡುವುದಕ್ಕೆ ಸರಳವಾಗಿದೆ. ಕಾಳನ್ನು ಮೊರದಲ್ಲಿ ಕೇರಿ, ಕಲ್ಲು ಮಣ್ಣು ಹೋಗುವಂತೆ ತೊಳೆದು, ಒಂದು ಹಗಲು ಅಥವಾ ಒಂದು ರಾತ್ರಿ ನೆನೆಯಿಡುತ್ತಾರೆ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಕುಕ್ಕೆಯಲ್ಲಿಯೋ ಪಾತ್ರೆಯಲ್ಲಿಯೋ ಇರಿಸುತ್ತಾರೆ. ಚಳಿಗಾಲವಾದರೆ ಗಂಟು ಒಲೆಯ ಮಗ್ಗುಲಿಗೆ ಬರುತ್ತದೆ. ಬೇಸಗೆಯಾದರೆ ನೀರಿನ ಗುಡಾಣದ ನೆರಳಿಗೆ ಹೋಗುತ್ತದೆ. ಆಗಾಗ್ಗೆ ನೀರು ಚಿಮುಕಿಸಬೇಕು. ಗಂಟನ್ನು ಬಿಚ್ಚಿ ಕಾಳನ್ನು ತಿರುವಿ ಹಾಕಬೇಕು. ಎರಡನೆಯ ದಿನ ಬಿಳಿಯ ಮೊಳೆ ಕಾಣಿಸಿಕೊಂಡಾಗ ಕಾಳನ್ನು ಒಣಗಿಸಿ, ಕೈಯಿಂದ ಉಜ್ಜಿ ಮೊಳೆಯನ್ನು ಉದುರಿಸಿ, ಘಮ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದರೆ ಹಿಟ್ಟು ಸಿದ್ಧವಾಗುತ್ತದೆ.

ಈ ಕ್ರಮದಲ್ಲಿ ತೇವ, ಕಾವು, ಗಾಳಿ, ತಿರುವುವಿಕೆ ಎಂಬ ನಾಲ್ಕು ಅಂಗಗಳಿವೆ. ನಾಲ್ಕೂ ಗೃಹಿಣಿಯ ಕೈಯಲ್ಲಿಯೂ ಕಣ್ಣಿನಲ್ಲಿಯೂ ಇದ್ದುವು. ಮೊಳಕೆಯ ಪೆಟ್ಟಿಗೆಯ ಚರಿತ್ರೆಯೆಂದರೆ ಈ ನಾಲ್ಕನ್ನು ಒಂದೊಂದಾಗಿ ಆ ಕೈಯಿಂದ ಬಿಡಿಸಿ ಒಂದು ಪಾತ್ರೆಗೆ ವಹಿಸಿಕೊಡುವ ಪ್ರಯತ್ನದ ಚರಿತ್ರೆ.

೩

ಈ ಪ್ರಯತ್ನ ಮೊದಲು ದೊಡ್ಡ ಪ್ರಮಾಣದಲ್ಲಿ ನಡೆದುದು ಯೂರೋಪಿನಲ್ಲಿ. ಬಿಯರ್ ಮದ್ಯಕ್ಕೆ ಬೇಕಾದ ಬಾರ್ಲಿಯ ಮಾಲ್ಟಿಗಾಗಿ. ಶತಮಾನಗಳ ಕಾಲ ಅಲ್ಲಿ ನೆನೆದ ಬಾರ್ಲಿಯನ್ನು ಕಲ್ಲಿನ ನೆಲದ ಮೇಲೆ ಗೇಣಿಗಿಂತ ಹೆಚ್ಚು ದಪ್ಪವಾಗದಂತೆ ಹರಡಿ, ಮರದ ಸಲಿಕೆಯಿಂದ ಹಗಲಿರುಳು ತಿರುವುತ್ತಿದ್ದರು. ತೆಳುವಾಗಿ ಹರಡುವುದಕ್ಕೆ ಕಾರಣವಿದೆ. ಮೊಳೆಯುವ ಕಾಳು ಉಸಿರಾಡುತ್ತದೆ. ಉಸಿರಾಡುವಾಗ ತನ್ನಲ್ಲಿರುವ ಪಿಷ್ಟವನ್ನು ಸ್ವಲ್ಪ ಸ್ವಲ್ಪವಾಗಿ ಸುಟ್ಟು ಶಾಖವನ್ನು ಹೊರಹಾಕುತ್ತದೆ. ರಾಶಿ ದಪ್ಪವಾದರೆ ಆ ಶಾಖ ಒಳಗೇ ಸಿಕ್ಕಿಕೊಂಡು ನಡುವಿನ ಕಾಳು ಬೆಂದಂತಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಆದುದರಿಂದ ಧಾನ್ಯ ಹೆಚ್ಚಿದಷ್ಟೂ ನೆಲವೂ ಹೆಚ್ಚಬೇಕಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ದಿಕ್ಕುಗಳಿಂದ ಜ್ಞಾನ ಬೆಳೆಯಿತು. ೧೮೧೦ರ ದಶಕದಲ್ಲಿ ಕಿರ್ಚಾಫ್ ಎಂಬ ರಸಾಯನಜ್ಞನು ಮೊಳೆತ ಧಾನ್ಯದಲ್ಲಿರುವ ಒಂದು ದ್ರವ್ಯ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುವುದನ್ನು ಕಂಡನು. ೧೮೩೩ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಅದನ್ನು ಮಾಲ್ಟಿನಿಂದ ಬೇರ್ಪಡಿಸಿ ‘ಡಯಾಸ್ಟೇಸ್’ ಎಂದು ಕರೆದರು. ಪ್ರತ್ಯೇಕಗೊಳಿಸಲ್ಪಟ್ಟ ಮೊದಲ ಕಿಣ್ವವೆಂದು ಅದು ಪ್ರಸಿದ್ಧವಾಗಿದೆ. ಇನ್ನೊಂದು ಕಡೆ, ೧೮೭೦ರ ದಶಕದಲ್ಲಿ ಗಾಲಂಡ್ ಎಂಬವನು ತೇವದ ತಂಪು ಗಾಳಿಯನ್ನು ಧಾನ್ಯದೊಳಗೆ ಹಾಯಿಸುವ ಏರ್ಪಾಡನ್ನು ರೂಪಿಸಿದನು. ಅವನೊಡನೆ ಕೆಲಸಮಾಡಿದ ಸಲಾದಿನ್ ೧೮೮೦ರ ದಶಕದಲ್ಲಿ ತೂತುಗಳುಳ್ಳ ತಳದ ಉದ್ದನೆಯ ತೊಟ್ಟಿಯನ್ನೂ ಕಾಳನ್ನು ತಾನೇ ತಿರುವುವ ಯಂತ್ರವನ್ನೂ ಸೇರಿಸಿದನು. ಇಲ್ಲಿ ತಿರುವುವಿಕೆಯೂ ಗಾಳಿಯೂ ಮನುಷ್ಯನ ಕೈಯಿಂದ ಯಂತ್ರಕ್ಕೆ ಹೋದುವು.

ತಟ್ಟೆಗಳನ್ನು ಅಟ್ಟದಂತೆ ಜೋಡಿಸಿದ ಬೆಚ್ಚನೆಯ ಪೆಟ್ಟಿಗೆಗೆ ಮತ್ತೊಂದು ಮೂಲವೂ ಇದೆ. ೧೮೬೯ರಲ್ಲಿ ಸ್ಯಾಕ್ಸನಿಯ ಥಾರಾಂಟ್ ಎಂಬಲ್ಲಿ ಫ್ರೀಡ್ರಿಶ್ ನೊಬ್ಬೆ ಜಗತ್ತಿನ ಮೊದಲ ಬೀಜಪರೀಕ್ಷಾ ಕೇಂದ್ರವನ್ನು ಸ್ಥಾಪಿಸಿದನು. ಮಾರಾಟವಾಗುವ ಬೀಜದಲ್ಲಿ ನೂರಕ್ಕೆ ಎಷ್ಟು ಮೊಳೆಯುವುದೆಂಬುದನ್ನು ನ್ಯಾಯವಾಗಿ ಹೇಳಬೇಕಾದರೆ ಎಲ್ಲ ಬೀಜಕ್ಕೂ ಒಂದೇ ಕಾವು ಒಂದೇ ತೇವ ದೊರೆಯಬೇಕು. ಅದಕ್ಕಾಗಿ ಬೀಜಪರೀಕ್ಷಾಲಯಗಳಲ್ಲಿ ಉಷ್ಣತೆಯನ್ನು ಸ್ಥಿರವಾಗಿಡುವ, ಒಳಗೆ ಸಾಲು ಸಾಲು ತಟ್ಟೆಗಳುಳ್ಳ ಬೀರುಗಳು ಬಳಕೆಗೆ ಬಂದುವು. ಭಾರತದಲ್ಲಿ ೧೯೬೬ರ ಬೀಜ ಕಾಯಿದೆಯ ಅನಂತರ ಇಂಥ ಪರೀಕ್ಷಾಲಯಗಳು ರಾಜ್ಯ ರಾಜ್ಯಗಳಲ್ಲಿ ಹರಡಿದುವು. ಬೀಜೋದ್ಯಮಕ್ಕೆ ಪ್ರಸಿದ್ಧವಾದ ಹೈದರಾಬಾದಿನಲ್ಲಿ ೨೦೧೯ರಲ್ಲಿ ಅಂತರರಾಷ್ಟ್ರೀಯ ಬೀಜಪರೀಕ್ಷಾ ಸಂಘದ ಮಹಾಧಿವೇಶನವೇ ನಡೆಯಿತು. ಹೀಗೆ ಮೊಳಕೆಯ ಪೆಟ್ಟಿಗೆ ಮಾಲ್ಟಿನ ಮನೆಯಿಂದ ಗಾಳಿಯ ಏರ್ಪಾಡನ್ನೂ ಬೀಜಪರೀಕ್ಷಾಲಯದಿಂದ ಕಾವಿನ ಏರ್ಪಾಡನ್ನೂ ಪಡೆದುಕೊಂಡಿದೆ.

ಕರ್ನಾಟಕದಲ್ಲಿಯೇ ಇದಕ್ಕೆ ಸಮಾನವಾದ ಇನ್ನೊಂದು ಪದ್ಧತಿ ಇದ್ದುದನ್ನು ಮರೆಯಲಾಗದು. ಮೈಸೂರು ಸೀಮೆಯ ರೇಷ್ಮೆ ಸಾಕಣೆದಾರರು ಬಿದಿರಿನ ತಟ್ಟೆಗಳನ್ನು ಗೂಟಗಳ ಅಟ್ಟಣಿಗೆಯಲ್ಲಿ ಒಂದರ ಮೇಲೊಂದು ಇರಿಸಿ ಹುಳು ಸಾಕುತ್ತಾರೆ. ಮರಿಹುಳುಗಳ ಚಾಕಿ ಅವಸ್ಥೆಯಲ್ಲಿ ಕೋಣೆಯ ಉಷ್ಣತೆ ೨೭–೨೮ ಡಿಗ್ರಿ ಸೆಂಟಿಗ್ರೇಡ್ ಇರಬೇಕು. ಗಾಳಿಯ ತೇವಾಂಶ ನೂರಕ್ಕೆ ೮೫ರ ಮೇಲ್ಪಟ್ಟಿರಬೇಕು. ಚಳಿಯಲ್ಲಿ ಇದ್ದಿಲ ಒಲೆಯಿಂದ ಕಾವು ಕೊಟ್ಟು, ಒಣಹವೆಯಲ್ಲಿ ಒದ್ದೆ ಗೋಣಿ ಕಟ್ಟಿ ಅವರು ಇದನ್ನು ಸಾಧಿಸುತ್ತಿದ್ದರು. ತಟ್ಟೆ, ಅಟ್ಟಣಿಗೆ, ಕಾವು, ತೇವ ಎಲ್ಲವೂ ಇಲ್ಲಿವೆ. ಹುಳುವಿನ ಸ್ಥಾನದಲ್ಲಿ ಕಾಳನ್ನು ಇರಿಸಿದರೆ ಮೊಳಕೆಯ ಪೆಟ್ಟಿಗೆಯಾಗುತ್ತದೆ.

೪

ದಕ್ಷಿಣದ ಧಾನ್ಯಗಳನ್ನು ಮಾಲ್ಟಿನ ದೃಷ್ಟಿಯಿಂದ ಪರೀಕ್ಷಿಸುವ ಕೆಲಸ ಮೊದಲನೆಯ ಮಹಾಯುದ್ಧದ ಹೊತ್ತಿಗೆ ಕೊಯಮತ್ತೂರಿನ ಕೃಷಿ ರಸಾಯನಜ್ಞರಿಂದ ಆರಂಭವಾಯಿತು. ಬಿ. ವಿಶ್ವನಾಥ್ ಮತ್ತು ಅವರ ಸಹೋದ್ಯೋಗಿಗಳು ಬಾರ್ಲಿಗೆ ಬದಲಾಗಿ ಜೋಳವನ್ನು ಬಳಸಬಹುದೇ ಎಂದು ವಿಚಾರಮಾಡಿದರು. ಮೈಸೂರಿನಲ್ಲಿ ಕೃಷಿ ಇಲಾಖೆಯ ನಿರ್ದೇಶಕನಾಗಿದ್ದ ಲೆಸ್ಲಿ ಕೋಲ್ಮನ್ ೧೯೨೦ರಲ್ಲಿ ರಾಗಿಯ ಬೇಸಾಯವನ್ನು ಕುರಿತು ಪುಸ್ತಿಕೆಯೊಂದನ್ನು ಪ್ರಕಟಿಸಿ, ಶಾಸ್ತ್ರಜ್ಞರ ಅವಜ್ಞೆಗೆ ಗುರಿಯಾಗಿದ್ದ ಈ ಧಾನ್ಯಕ್ಕೆ ಅಧ್ಯಯನದ ಯೋಗ್ಯತೆಯನ್ನು ತಂದುಕೊಟ್ಟನು. ೧೯೫೦ರ ಅಕ್ಟೋಬರ್ ೨೧ರಂದು ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಪ್ರಾರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನದ ಪ್ರಾಧ್ಯಾಪಕರಾಗಿದ್ದ ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರಾದರು. ಮೂರೇ ವರ್ಷಗಳಲ್ಲಿ, ೧೯೫೩ರಲ್ಲಿ, ಎಂ. ಆರ್. ಚಂದ್ರಶೇಖರ ಮತ್ತು ಎಂ. ಸ್ವಾಮಿನಾಥನ್ ರಾಗಿಯಲ್ಲಿಯೂ ರಾಗಿಮಾಲ್ಟಿನಲ್ಲಿಯೂ ಇರುವ ಕಿಣ್ವಗಳನ್ನು ಕುರಿತ ತಮ್ಮ ಪರಿಶೋಧನೆಯನ್ನು ಪ್ರಕಟಿಸಿದರು.

ಇತ್ತ ಹೈದರಾಬಾದಿಗೆ ಬಂದ ಪರಂಪರೆಯೇ ಬೇರೆ. ತಾರ್ನಾಕಾದ ಸಂಸ್ಥೆ ೧೯೧೮ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮ್ಯಾಕರಿಸನ್ ಅವರ ನೇತೃತ್ವದಲ್ಲಿ ಬೆರಿಬೆರಿ ರೋಗದ ವಿಚಾರಣೆಗಾಗಿ ಹುಟ್ಟಿದುದು. ಅದು ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ೧೯೬೯ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರನ್ನು ಪಡೆಯಿತು. ಪೋಷಣಶಾಸ್ತ್ರಜ್ಞರಿಗೆ ಮೊಳಕೆ ಮುಖ್ಯವಾದುದು ಪಿಷ್ಟಕ್ಕಾಗಿ ಅಲ್ಲ, ಸ್ಕರ್ವಿ ರೋಗದ ನಿವಾರಣೆಗಾಗಿ. ಮೊದಲನೆಯ ಮಹಾಯುದ್ಧದಲ್ಲಿ ಮೆಸಪೊಟೇಮಿಯಕ್ಕೆ ಹೋಗಿದ್ದ ಭಾರತೀಯ ಸಿಪಾಯಿಗಳು ಹಸಿರು ತರಕಾರಿಯಿಲ್ಲದೆ ಸ್ಕರ್ವಿಗೆ ತುತ್ತಾದರು. ಒಣಬೇಳೆಯಲ್ಲಿ ಈ ರೋಗವನ್ನು ತಡೆಯುವ ಗುಣವಿಲ್ಲ. ಸಿಪ್ಪೆ ಸಹಿತವಾದ ಇಡಿಯ ಕಾಳನ್ನು ನೆನೆಯಿಸಿ ಮೊಳೆಯಿಸಿದರೆ ಅದು ಹುಟ್ಟುತ್ತದೆ ಎಂಬುದನ್ನು ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಅವರ ಸಂಗಡಿಗರು ಆ ಕಾಲದಲ್ಲಿ ತೋರಿಸಿದರು. ೧೯೪೦ರ ಸುಮಾರಿಗೆ ಆಗಿನ ಪಂಜಾಬಿನ ಹಿಸ್ಸಾರ್ ಜಿಲ್ಲೆಯಲ್ಲಿ ಕ್ಷಾಮ ತಲೆದೋರಿದಾಗ ಮೊಳೆತ ಕಡಲೆಯನ್ನು ಹಂಚಿ ಸ್ಕರ್ವಿಯನ್ನು ಹತೋಟಿಗೆ ತಂದರು. ಸಾವಿರಾರು ಜನರಿಗೆ ಸಾಕಾಗುವಷ್ಟು ಕಾಳನ್ನು ಮೊಳೆಯಿಸಲು ಒದ್ದೆ ನೆಲ, ಒದ್ದೆ ಕಂಬಳಿ ಇವಿದ್ದರೆ ಸಾಕೆಂಬುದು ಆ ಕಾಲದ ಅನುಭವ. ಎರಡೇ ದಿನದ ಪೂರ್ವಸಿದ್ಧತೆಯಿಂದ ಔಷಧವೊಂದು ಅನ್ನದಲ್ಲಿಯೇ ದೊರೆಯಿತು.

ಮಗುವಿನ ಗಂಜಿಯ ಪ್ರಶ್ನೆ ಪ್ರಮುಖವಾಗಿ ಮುಂದೆ ಬಂದುದು ೧೯೭೦ರ ದಶಕದ ಕೊನೆಯಲ್ಲಿ. ವರ್ಷದ ಕೂಸಿನ ಹೊಟ್ಟೆ ಚಿಕ್ಕದು. ಅದಕ್ಕೆ ಬೇಕಾದ ಶಕ್ತಿಯಾದರೋ ದೇಹದ ತೂಕದ ಲೆಕ್ಕದಲ್ಲಿ ದೊಡ್ಡವರಿಗಿಂತ ಹೆಚ್ಚು. ಸಾಮಾನ್ಯ ಹಿಟ್ಟನ್ನು ನೂರು ಭಾಗ ಗಂಜಿಗೆ ಸುಮಾರು ಹತ್ತು ಭಾಗದಷ್ಟು ಹಾಕಿ ಕಾಸಿದರೆ ಮಗು ನುಂಗಲಾರದಷ್ಟು ಗಟ್ಟಿಯಾಗುತ್ತದೆ. ತಾಯಿ ನೀರು ಬೆರಸುತ್ತಾಳೆ. ಗಂಜಿ ತೆಳುವಾಗುತ್ತದೆ, ಅದರೊಡನೆ ಸತ್ತ್ವವೂ ತೆಳುವಾಗುತ್ತದೆ. ಹೊಟ್ಟೆ ತುಂಬಿಯೂ ಮಗು ಅರೆಹಸಿವಿನಲ್ಲಿಯೇ ಉಳಿಯುತ್ತದೆ. ಮೈಸೂರಿನ ಸಂಶೋಧನಾಲಯದ ಎಚ್. ಎಸ್. ಆರ್. ದೇಶಿಕಾಚಾರ್ ೧೯೮೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಸಂಕಟಕ್ಕೆ ಪರಿಹಾರ ಪರಂಪರಾಗತ ವಿಧಾನದಲ್ಲಿಯೇ ಇದೆಯೆಂದು ತೋರಿಸಿದರು. ಅವರೂ ಎನ್. ಜಿ. ಮಲ್ಲೇಶಿಯವರೂ ಸೇರಿ ಮೊಳೆತ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರವೊಂದನ್ನು ರೂಪಿಸಿ ೧೯೮೨ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಕತ್ತರಿಸುವುದರಿಂದ, ಅದೇ ತೆಳುತನದ ಗಂಜಿಯಲ್ಲಿ ಸುಮಾರು ಇಮ್ಮಡಿ ಹಿಟ್ಟು ಸೇರುತ್ತದೆ. ಉಷ್ಣದೇಶದ ಧಾನ್ಯಗಳನ್ನು ಹೋಲಿಸಿ ೧೯೮೬ರಲ್ಲಿ ಇವರಿಬ್ಬರು ನಡೆಸಿದ ಪರೀಕ್ಷೆಗಳಲ್ಲಿ ಮಾಲ್ಟಿನ ಗುಣಕ್ಕೆ ರಾಗಿಯೇ ಶ್ರೇಷ್ಠವೆಂದು ಕಂಡುಬಂದಿತು. ಅಜ್ಜಿಯ ಕೈಗೆ ಗೊತ್ತಿದ್ದುದಕ್ಕೆ ಹೀಗೆ ಶಾಸ್ತ್ರದ ಸಮ್ಮತಿ ದೊರೆಯಿತು.

೫

ಇಷ್ಟಾದರೂ ಮೊಳೆತ ಹಿಟ್ಟು ಸಾರ್ವಜನಿಕ ಪಾಕಶಾಲೆಯನ್ನು ಸೇರಲಿಲ್ಲ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಲಕ್ಷಗಟ್ಟಲೆ ಮಕ್ಕಳಿಗೆ ಹಿಟ್ಟು ಒದಗಿಸಬೇಕಾಯಿತು. ತಾರ್ನಾಕಾದ ಸಂಸ್ಥೆ ರೂಪಿಸಿದ ‘ಹೈದರಾಬಾದ್ ಮಿಕ್ಸ್’ ಗೋಧಿ, ಕಡಲೆ, ಶೇಂಗಾಗಳನ್ನು ಹುರಿದು ಬೆಲ್ಲ ಬೆರಸಿದ ಮಿಶ್ರಣ. ನಾಚಾರಂನ ಹಿಟ್ಟೂ ಹುರಿದುದೇ. ಕಾರ್ಖಾನೆಯ ಲೆಕ್ಕದಿಂದ ನೋಡಿದರೆ ಇದು ಸಹಜ. ಹುರಿಯುವ ಕೆಲಸ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ, ನೀರನ್ನು ಕೇಳುವುದಿಲ್ಲ, ಹುಳುವನ್ನು ಕೊಲ್ಲುತ್ತದೆ, ಧಾನ್ಯವನ್ನು ಒಣಗಿಸಿ ಬಾಳಿಕೆ ಕೊಡುತ್ತದೆ. ಮೊಳೆಯಿಸುವುದಕ್ಕೆ ಮೂರು ದಿನ ಬೇಕು. ನೆನೆಸಿದ ನೀರನ್ನೆಲ್ಲ ಮತ್ತೆ ಶಾಖ ಕೊಟ್ಟು ಹೊರಹಾಕಬೇಕು. ಕಾಳು ಉಸಿರಾಡಿ ಸುಟ್ಟುಕೊಂಡ ಪಿಷ್ಟವೂ ಉದುರಿಹೋದ ಮೊಳೆಯೂ ನಷ್ಟದ ಬಾಬಿಗೆ ಸೇರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಹುರಿದ ಧಾನ್ಯ ಜಡ. ಮೊಳೆಯುವ ಧಾನ್ಯ ಸಜೀವ. ಜಡವಸ್ತುವನ್ನು ಕೆಲಸದ ಪಾಳಿಗೆ ಹೊಂದಿಸಬಹುದು; ಜೀವವಸ್ತು ತನ್ನ ಕಾಲವನ್ನು ತಾನೇ ಗೊತ್ತುಮಾಡಿಕೊಳ್ಳುತ್ತದೆ.

ಮೊಳಕೆಯ ಪೆಟ್ಟಿಗೆಯ ಉಪಯೋಗವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಅದರ ರಚನೆ ಇಡ್ಲಿ ಪಾತ್ರೆಯನ್ನು ನೆನಪಿಗೆ ತರುತ್ತದೆ. ಅಡಿಯಲ್ಲಿ ನೀರಿನ ತೊಟ್ಟಿ; ಅದನ್ನು ಮೆಲ್ಲಗೆ ಬೆಚ್ಚಗಾಗಿಸುವ ವಿದ್ಯುತ್ ಸುರುಳಿ; ಕಾವು ಗೊತ್ತಾದ ಮಟ್ಟ ಮುಟ್ಟಿದೊಡನೆ ವಿದ್ಯುತ್ತನ್ನು ಕಡಿದುಹಾಕುವ ಥರ್ಮೋಸ್ಟಾಟ್; ಮೇಲೆ ಒಂದರೊಳಗೊಂದು ಕಚ್ಚಿಕೊಳ್ಳುವ ತೂತುತಳದ ತಟ್ಟೆಗಳು. ಮೇಲಿನ ತಟ್ಟೆಯೇ ಕೆಳಗಿನ ತಟ್ಟೆಗೆ ಮುಚ್ಚಳ. ಕಿಲೋ ಒಂದರಲ್ಲಿ ಮೂರು ಲಕ್ಷಕ್ಕೂ ಮೀರಿದ ಕಾಳುಗಳಿರುವಷ್ಟು ರಾಗಿ ಸಣ್ಣದಾದುದರಿಂದ, ತಳದ ಮೇಲೆ ತೆಳುಬಟ್ಟೆಯನ್ನು ಹಾಸುವುದು ಅನಿವಾರ್ಯ. ಬಿಸಿಗಾಳಿ ಮೇಲಕ್ಕೆ ಏರುವುದರಿಂದ ಎಲ್ಲ ತಟ್ಟೆಗಳಿಗೂ ಸಮಾನವಾದ ಕಾವು ದೊರೆಯುವುದಿಲ್ಲ. ದಿನಕ್ಕೊಮ್ಮೆ ಅವುಗಳ ಸ್ಥಾನವನ್ನು ಬದಲಿಸಬೇಕಾಗುತ್ತದೆ. ಯಂತ್ರಕ್ಕೆ ಒಪ್ಪಿಸಿದೆವೆಂದುಕೊಂಡ ತಿರುವುವಿಕೆ ಇಷ್ಟರಮಟ್ಟಿಗೆ ಕೈಯಲ್ಲಿಯೇ ಉಳಿಯುತ್ತದೆ.

ರಾಗಿಗೆ ಬೇಕಾದ ಕಾವು ೨೫ರಿಂದ ೩೦ ಡಿಗ್ರಿ ಸೆಂಟಿಗ್ರೇಡ್. ಬೇಕಾದ ಅವಧಿ ಸುಮಾರು ೪೮ ಗಂಟೆ. ಹೈದರಾಬಾದಿನಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣತೆ ೧೫ ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನಗಳಲ್ಲಿ ೪೦ರ ಸಮೀಪಕ್ಕೆ ಏರುತ್ತದೆ. ಅಂದರೆ ಪೆಟ್ಟಿಗೆಯ ಸುರುಳಿಗೆ ಇಲ್ಲಿ ಕೆಲಸವಿರುವುದು ವರ್ಷದಲ್ಲಿ ಕೆಲವು ವಾರ ಮಾತ್ರ. ಉಳಿದ ಕಾಲದಲ್ಲಿ, ವಿಶೇಷವಾಗಿ ಬೇಸಗೆಯಲ್ಲಿ, ಅಪಾಯವಿರುವುದು ಕಾವಿನ ಕೊರತೆಯಿಂದಲ್ಲ, ಹೆಚ್ಚಳದಿಂದ. ಕಾಯಿಸುವ ಸುರುಳಿಗೆ ಬೆಲೆ ಬರುವುದು ದೆಹಲಿಯ ಚಳಿಗಾಲದಲ್ಲಿ, ಅಥವಾ ಇಡ್ಲಿಯ ಹಿಟ್ಟು ಹುದುಗಲೆಂದು ಒವನಿನ ದೀಪ ಹೊತ್ತಿಸಿ ಒಳಗಿಡುವ ಪರದೇಶದ ಕನ್ನಡ ಮನೆಗಳಲ್ಲಿ. ದಖ್ಖನ್ನಿನಲ್ಲಿ ಈ ಉಪಕರಣದ ಸಾರವಿರುವುದು ತಟ್ಟೆಗಳಲ್ಲಿ. ದೊಡ್ಡ ರಾಶಿಯನ್ನು ಅನೇಕ ತೆಳು ಪದರಗಳಾಗಿ ಹಂಚಿ, ಕಾಳಿನ ಸ್ವಂತ ಶಾಖ ಹೊರಟುಹೋಗುವಂತೆ ಮಾಡಿ, ಮಾಲ್ಟಿನ ಮನೆಯ ವಿಶಾಲವಾದ ನೆಲವನ್ನು ಮೂರು ಅಡಿಯ ಜಾಗದಲ್ಲಿ ಎತ್ತರಕ್ಕೆ ನಿಲ್ಲಿಸುವುದೇ ಅದರ ನಿಜವಾದ ಉಪಕಾರ.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಬೇಕು. ಮೊಳಕೆಗೆ ಹಿತವಾದ ಬೆಚ್ಚನೆಯ ತೇವ ರೋಗಾಣುಗಳಿಗೂ ಹಿತವಾದುದು. ೨೦೧೧ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಹಸಿ ಮೊಳಕೆಯಿಂದ ಹರಡಿತೆಂದು ಕಂಡುಬಂದ ಸೋಂಕಿನಲ್ಲಿ ಐವತ್ತಕ್ಕೂ ಹೆಚ್ಚು ಜನ ಮೃತರಾದರು. ಮೊಳೆತ ರಾಗಿಯನ್ನು ಒಣಗಿಸಿ, ೭೦–೭೫ ಡಿಗ್ರಿಯಲ್ಲಿ ಬೆಚ್ಚಗೆ ಮಾಡಿ, ಕೊನೆಗೆ ಗಂಜಿಯಾಗಿ ಕುದಿಸುವ ನಮ್ಮ ಕ್ರಮದಲ್ಲಿ ಈ ಅಪಾಯಕ್ಕೆ ಅವಕಾಶ ಕಡಿಮೆ. ಹಾಗೆಂದು ತಟ್ಟೆಗಳ ಶುದ್ಧಿಯನ್ನು ಅಲಕ್ಷಿಸುವಂತಿಲ್ಲ. ಎರಡನೆಯ ಎಚ್ಚರಿಕೆ ಬೀದರ, ಕಲಬುರಗಿ, ರಾಯಚೂರುಗಳ ಜೋಳಕ್ಕೆ ಸಂಬಂಧಿಸಿದುದು. ಎಳೆಯ ಜೋಳದ ಪೈರನ್ನು ಮೇದ ದನ ಸಾಯುವುದುಂಟೆಂದು ಆ ಸೀಮೆಯ ಒಕ್ಕಲಿಗರಿಗೆ ತಿಳಿದಿದೆ. ಅದೇ ಸಯನೈಡ್ ವಿಷದ ಮೂಲದ್ರವ್ಯ ಜೋಳದ ಮೊಳಕೆಯಲ್ಲಿಯೂ ಇರುತ್ತದೆ. ಜೋಳವನ್ನು ಮೊಳೆಯಿಸಿದರೆ ಬೇರು ಚಿಗುರುಗಳನ್ನು ಸಂಪೂರ್ಣವಾಗಿ ಉಜ್ಜಿ ತೆಗೆಯದೆ ಬಳಸಬಾರದು. ರಾಗಿಯ ಸೀಮೆಯ ಕ್ರಮವನ್ನು ಜೋಳದ ಸೀಮೆಗೆ ವಿಚಾರಿಸದೆ ಒಯ್ಯುವುದು ಸಲ್ಲದು.

೬

ಹಾಗಾದರೆ ಚಿಕ್ಕ ಪೆಟ್ಟಿಗೆಯಿಂದ ದೊಡ್ಡ ಕಾರ್ಖಾನೆಯ ಕೊರತೆ ನೀಗುವುದೇ? ನೀಗಬಲ್ಲುದೆಂಬುದಕ್ಕೆ ಆಧಾರ ೧೯೮೬ರಲ್ಲಿ ಬಡೋದೆಯ ತಾರಾ ಗೋಪಾಲದಾಸ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಸಂಶೋಧನೆಯಲ್ಲಿ ದೊರೆಯುತ್ತದೆ. ಹಿಟ್ಟೆಲ್ಲವೂ ಮೊಳೆತ ಧಾನ್ಯದ್ದಾಗಬೇಕಾಗಿಲ್ಲ. ಬೆಂದ ಗಟ್ಟಿ ಗಂಜಿಗೆ ಅಲ್ಪ ಪ್ರಮಾಣದ ಮಾಲ್ಟಿನ ಹಿಟ್ಟನ್ನು ಬೆರಸಿದರೂ ಅದು ತೆಳುವಾಗುತ್ತದೆ ಎಂದು ಅವರು ತೋರಿಸಿದರು. ಹಾಲಿಗೆ ಹೆಪ್ಪು ಹೇಗೋ ಗಂಜಿಗೆ ಮೊಳಕೆಯ ಹಿಟ್ಟು ಹಾಗೆ. ಭೇದವಿಷ್ಟೇ: ಹೆಪ್ಪು ತೆಳುವಾದುದನ್ನು ಗಟ್ಟಿ ಮಾಡುತ್ತದೆ, ಇದು ಗಟ್ಟಿಯಾದುದನ್ನು ತೆಳು ಮಾಡುತ್ತದೆ. ಹೆಪ್ಪಿನಂತೆ ಇದಕ್ಕೂ ಹದವುಂಟು. ಕುದಿಯುವ ಗಂಜಿಗೆ ಹಾಕಿದರೆ ಕಿಣ್ವ ನಾಶವಾಗುತ್ತದೆ, ತಣ್ಣನೆಯದಕ್ಕೆ ಹಾಕಿದರೆ ಕೆಲಸ ನಿಧಾನವಾಗುತ್ತದೆ. ಕುದಿ ಇಳಿದು ಇನ್ನೂ ಬಿಸಿಯಾಗಿರುವಾಗ ಬೆರಸಿ, ತೆಳುವಾದ ಮೇಲೆ ಮತ್ತೊಮ್ಮೆ ಕಾಸಬೇಕು.

ಈ ದೃಷ್ಟಿಯಿಂದ ಲೆಕ್ಕ ಹಾಕಿದರೆ ಪ್ರಮಾಣದ ಪ್ರಶ್ನೆಯೇ ಬದಲಾಗುತ್ತದೆ. ತಟ್ಟೆಗೆ ಎರಡು ಕಿಲೋದಂತೆ ಎಂಟು ತಟ್ಟೆಗಳ ಪೆಟ್ಟಿಗೆಯಲ್ಲಿ ಒಮ್ಮೆಗೆ ೧೬ ಕಿಲೋ ರಾಗಿ ಹಿಡಿಯುತ್ತದೆಂದೂ, ಒಣಗಿಸಿ ಉಜ್ಜಿದ ಮೇಲೆ ೧೪ ಕಿಲೋ ಉಳಿಯುತ್ತದೆಂದೂ ಇಟ್ಟುಕೊಳ್ಳೋಣ. ನೂರಕ್ಕೆ ಐದರಂತೆ ಬೆರಸಿದರೆ ಅಷ್ಟು ಮಾಲ್ಟು ೨೮೦ ಕಿಲೋ ಹಿಟ್ಟಿಗೆ ಸಾಕು. ನಾಚಾರಂನಂಥ ಕಾರ್ಖಾನೆ ತನ್ನ ಹುರಿಯುವ ಕೆಲಸವನ್ನು ಬಿಡಬೇಕಾಗಿಲ್ಲ. ಆ ಹಿಟ್ಟು ತಲಪುವ ಊರಿನಲ್ಲಿ ಸ್ತ್ರೀಶಕ್ತಿ ಗುಂಪೊಂದು ಇಂಥ ಒಂದು ಪೆಟ್ಟಿಗೆಯನ್ನು ನಡೆಸಿದರೆ ಮೊಳಕೆಯ ಕೆಲಸ ಪೂರ್ತಿಯಾಗುತ್ತದೆ. ಹುರಿಯುವುದು ಕೇಂದ್ರದಲ್ಲಿ, ಮೊಳೆಯಿಸುವುದು ಊರಲ್ಲಿ. ಸೌತ್ರಾಮಣಿಯ ಲಾಜವೂ ತೋಕ್ಮವೂ ಒಂದೇ ಪಾತ್ರೆಯಲ್ಲಿ ಕೂಡಿದಂತೆ, ಈ ಎರಡು ವಿಧಾನಗಳೂ ಮಗುವಿನ ಬಟ್ಟಲಲ್ಲಿ ಕೂಡುವುದಕ್ಕೆ ಯಾವ ಅಡ್ಡಿಯೂ ಕಾಣುವುದಿಲ್ಲ.

೨೦೨೩ನೆಯ ವರ್ಷವನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿದ ಮೇಲೆ ರಾಗಿಗೆ ನಗರಗಳಲ್ಲಿ ಹೊಸ ಗೌರವ ಬಂದಿದೆ. ಅಂದವಾದ ಪೊಟ್ಟಣಗಳಲ್ಲಿ ರಾಗಿಮಾಲ್ಟು ಮಾರಾಟವಾಗುತ್ತಿದೆ. ೨೦೨೪ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಹಾಲಿನೊಡನೆ ರಾಗಿಯ ಮಿಶ್ರಣವನ್ನು ಕೊಡುವ ಯೋಜನೆಯೂ ಆರಂಭವಾಯಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಪೊಟ್ಟಣದ ಮೇಲೆ ‘ಮಾಲ್ಟ್’ ಎಂದು ಬರೆದ ಮಾತ್ರಕ್ಕೆ ಒಳಗಿನ ಕಾಳು ಮೊಳೆತುದೆಂದು ಅರ್ಥವಲ್ಲ. ಹುರಿದ ರಾಗಿ ಹಿಟ್ಟಿನಿಂದ ಮಾಡಿದ ಪಾನೀಯವನ್ನೂ ಜನ ಅದೇ ಹೆಸರಿನಿಂದ ಕರೆಯುವುದು ವಾಡಿಕೆಯಾಗಿದೆ. ಹೆಸರು ಉಳಿದು ಕ್ರಿಯೆ ಅಳಿದರೆ ನಷ್ಟವಾಗುವುದು ಒಂದು ರುಚಿಯಲ್ಲ. ಚಿಕ್ಕ ಹೊಟ್ಟೆಯಲ್ಲಿ ಹೆಚ್ಚು ಅನ್ನ ಹಿಡಿಸುವ ಒಂದು ಉಪಾಯ.

ನಾಡನ್ನು ಬಿಟ್ಟು ಬಂದ ಕನ್ನಡಿಗರು ತಮ್ಮೊಡನೆ ಭಾಷೆಯನ್ನು ತಂದರು, ಹಬ್ಬಗಳನ್ನು ತಂದರು, ಗ್ರಂಥಗಳನ್ನು ತಂದರು. ಒದ್ದೆ ಬಟ್ಟೆಯ ಗಂಟನ್ನು ಯಾವ ಹೊತ್ತಿಗೆ ಒಲೆಯ ಬಳಿಗೆ ಸರಿಸಬೇಕು, ಯಾವಾಗ ನೆರಳಿಗೆ ಒಯ್ಯಬೇಕು ಎಂಬ ತಿಳಿವಳಿಕೆಯೂ ಆ ಗಂಟುಮೂಟೆಯಲ್ಲಿಯೇ ಬಂದುದು. ಅದನ್ನು ಯಾರೂ ಬರೆದಿಡಲಿಲ್ಲವಾದುದರಿಂದ ಅದು ವಿದ್ಯೆಯೆಂದು ಎಣಿಕೆಯಾಗಲಿಲ್ಲ. ಪಾಯೆನ್ನನ ಡಯಾಸ್ಟೇಸೂ ಸಲಾದಿನನ ತೊಟ್ಟಿಯೂ ನೊಬ್ಬೆಯ ಬೀರುವೂ ಚೆಲುವಾಂಬ ಅರಮನೆಯ ಪ್ರಯೋಗಶಾಲೆಯೂ ಆ ತಿಳಿವಳಿಕೆಗೆ ಬರೆಹದ ರೂಪವನ್ನು ಕೊಟ್ಟಿವೆ. ತಟ್ಟೆಗಳ ಪೆಟ್ಟಿಗೆ ಅದಕ್ಕೆ ಲೋಹದ ರೂಪವನ್ನು ಕೊಟ್ಟಿದೆ. ಪೆಟ್ಟಿಗೆಗೆ ಕಾವನ್ನು ಅಳೆಯಲು ಬರುತ್ತದೆ. ಮೊಳೆಯನ್ನು ನೋಡಿ ಇನ್ನು ಸಾಕೆಂದು ಹೇಳಲು ಬರುವುದಿಲ್ಲ. ಆದುದರಿಂದ ಆ ಮಾತನ್ನು ಹೇಳಬಲ್ಲ ಹಿರಿಯರು ಇರುವಾಗಲೇ ರಾಗಿಯ ಸೀಮೆಯ ಮೊಳಕೆ ಕ್ರಮಗಳನ್ನೂ ಅವುಗಳಿಗೆ ಸಂಬಂಧಿಸಿದ ಶಬ್ದಗಳನ್ನೂ ಊರೂರಿನಿಂದ ಸಂಗ್ರಹಿಸಿಡುವುದು ಕನ್ನಡ ಸಂಘಗಳಿಗೆ ಯೋಗ್ಯವಾದ ಕಾರ್ಯ.